ನನಗಷ್ಟೇ ಹೇಳಿದ ಮಾತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಸಂಶೋಧನೆಗೆ ಸೇರಿದೆ. ಜಾಗತೀಕರಣ ಹಳ್ಳಿಯ ದೇವರುಗಳನ್ನು ಹೇಗೆ ಬದಲಿಸುತ್ತಿದೆ ಎಂಬುದು ನನ್ನ ವಿಷಯ. ಅದಕ್ಕಾಗಿ ಹುಣಸೂರಿನಾಚೆಯ ಒಂದು ಊರಿಗೆ ಎರಡು ವರ್ಷ ಓಡಾಡಿದೆ. ಅಲ್ಲಿ ಬೆಳೆದ ಹೊಗೆಸೊಪ್ಪು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಊರಿಗೆ ಬಣ್ಣದ ಟೀವಿಗಳು ಬಂದಿದ್ದವು.

ಅಲ್ಲಿನ ಮಾರಮ್ಮನಿಗೆ ಪೂಜೆ ಮಾಡುತ್ತಿದ್ದವರು ಐವತ್ತು ದಾಟಿದ ಒಬ್ಬ ವಿಧವೆ. ಹಬ್ಬದ ದಿನ ದೇವಿ ಅವರ ಮೈಮೇಲೆ ಬರುತ್ತಿದ್ದಳು. ನಾನು ಹೋದಾಗಲೆಲ್ಲ ಮುದ್ದೆ, ಉಪ್ಸಾರು ಇಕ್ಕಿ, ನಾನು ಉಂಡ ಮೇಲೇ ಮಾತಿಗೆ ಕೂರುತ್ತಿದ್ದರು. ಮಾರಮ್ಮ ಎಂದರೆ ಅರಿಸಿನ ಮೆತ್ತಿದ ಒಂದು ಗುಂಡುಕಲ್ಲು. ಟೀವಿಯಲ್ಲಿ ಒಡವೆ ತೊಟ್ಟ ದೇವಿಯರನ್ನು ಕಂಡ ಊರಿನವರಿಗೆ ಅದು ಸಾಲದಾಯಿತು. ಪೇಟೆಯಿಂದ ಕಿರೀಟವಿದ್ದ ಫೈಬರ್ ಮುಖವೊಂದನ್ನು ತಂದು ಕಲ್ಲಿಗೆ ಕಟ್ಟಿದರು.

ಆ ವರ್ಷದ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು ಮೆಲ್ಲಗೆ ಹೇಳಿದರು: "ಆ ಮುಖ ಕಟ್ಟುದ್ ಮ್ಯಾಕೆ ಅವ್ಳು ನನ್ ಮೈಮ್ಯಾಕೆ ಬರ್ನೇ ಇಲ್ಲ ಕಣವ್ವ. ಜನ ಕಾಯ್ಕೊಂಡ್ ನಿಂತಿದ್ರು. ಏನ್ ಮಾಡ್ಲಿ, ಬಂದಂಗೆ ಕುಣುದ್ಬುಟ್ಟೆ."

ಹೇಳಿ ಅತ್ತರು. ನಾನು ಅವರ ಕೈ ಹಿಡಿದುಕೊಂಡೆ. ಒಳಗೆ ಮಾತ್ರ ಖುಷಿಯಾಗಿತ್ತು. ಅದನ್ನು ಈಗ ಮುಚ್ಚಿಡಲಾರೆ. ಹುಡುಕುತ್ತಿದ್ದದ್ದು ಸಿಕ್ಕಿತ್ತು. ಪ್ರಬಂಧದಲ್ಲಿ ಬರೆದದ್ದಲ್ಲದೆ ಒಂದು ವಾರಪತ್ರಿಕೆಗೂ ಬರೆದೆ. ಊರಿನ ಹೆಸರಾಗಲಿ ಅವರ ಹೆಸರಾಗಲಿ ಹಾಕಲಿಲ್ಲ, ಅಷ್ಟು ಸಾಕೆಂದುಕೊಂಡೆ. ಆದರೆ ಕಲ್ಲು, ಕಿರೀಟ, ಪೂಜೆಯ ಹೆಂಗಸು ಎಲ್ಲವೂ ಅದರಲ್ಲಿತ್ತು. ಊರಿನ ಯಾರೋ ಓದಿದರು, ಉಳಿದವರಿಗೂ ಓದಿ ಹೇಳಿದರು.

ಇದು ತಿಳಿಯದೆ ನಾನು ಕೆಲವು ತಿಂಗಳ ಮೇಲೆ ಹೋದಾಗ ಗುಡಿಯಲ್ಲಿ ಅವರ ಮೈದುನ ಪೂಜೆ ಮಾಡುತ್ತಿದ್ದರು. ಆಕೆ ಪಕ್ಕದವರ ಕೊಟ್ಟಿಗೆಯಲ್ಲಿ ಹೊಗೆಸೊಪ್ಪನ್ನು ಒಣಗಿಸುವ ಕಡ್ಡಿಗೆ ಕಟ್ಟುತ್ತ ಕೂತಿದ್ದರು.

"ಪೂಜೆ ಬುಡ್ಸುದ್ರು," ಎಂದರು ತಲೆಯೆತ್ತದೆ. "ಸುಳ್ಳೇ ಕುಣುದೋಳ್ ಕೈಲಿ ಮಂಗ್ಳಾರ್ತಿ ತಗೊಳಾಕಿಲ್ಲ ಅಂದ್ರು."

ತಪ್ಪಾಯಿತು ಎಂದೆ. ಊರಿನ ಯಜಮಾನರ ಜೊತೆ ಮಾತಾಡುತ್ತೇನೆ ಎಂದೆ.

"ಏನಂತ ಮಾತಾಡೀಯೆ? ನೀನ್ ಬರ್ದಿರೋದು ಸುಳ್ಳಲ್ವಲ್ಲ." ಇನ್ನೊಂದು ಕಡ್ಡಿ ಎತ್ತಿಕೊಂಡರು. "ಮಗ್ಳಂಗೆ ಅನ್ಕಂಡು ನಿಂಗ್ ಯೋಳ್ದೆ ಕಣವ್ವ. ಪೇಪರ್‌ಗೆ ಅಂತ ಯೋಳ್ನಿಲ್ಲ."

ಆದರೂ ಯಜಮಾನರ ಮನೆಗೆ ಹೋದೆ. ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡು, "ಬುಡಿ ಮೇಡಂ, ಆಗೋಯ್ತು" ಎಂದರು. ಬಸ್ಸಿನ ಹೊತ್ತಾಗಿತ್ತು. ಆಕೆಗೆ ಹೇಳದೆ ಹೊರಟುಬಂದೆ.

ಪ್ರಬಂಧ ಆಗ ಇನ್ನೂ ನನ್ನ ಕೈಯಲ್ಲೇ ಇತ್ತು. ಆ ಪುಟ ತೆಗೆಯಬಹುದಿತ್ತು. ತೆಗೆಯಲಿಲ್ಲ. ಪರೀಕ್ಷಕರು ಅದನ್ನೇ ಎತ್ತಿ ಹೊಗಳಿದರು, ನಾನು ತಲೆ ತಗ್ಗಿಸಿ ಥ್ಯಾಂಕ್ಸ್ ಹೇಳಿದೆ.