ವ್ಯಾನಿನ ಹಿಂದಿನ ಗಾಲಿ

ಹೋದ ವಾರ ಅಕ್ಕಿಆಲೂರಿನಿಂದ ಹಳೆಯ ವ್ಯಾನೊಂದು ಹಾನಗಲ್ಲಿನ ನನ್ನ ಗ್ಯಾರೇಜಿಗೆ ಬಂತು. ನಿಲ್ಲುತ್ತಲೇ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ಸವಣೂರಿನ ನಮ್ಮ ಉಸ್ತಾದರ ನೆನಪು ತಪ್ಪಿದ್ದಲ್ಲ.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟವ ನಾನು. ಕೆಲಸ ಕಲಿತದ್ದೆಲ್ಲ ಉಸ್ತಾದರ ಕೈಕೆಳಗೆ. ಅವರದೊಂದು ಪದ್ಧತಿ ಇತ್ತು. ಯಾವ ಗಾಡಿ ರಿಪೇರಿಯಾದರೂ ತಮ್ಮ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಂಕಾಪುರದ ದಾರಿಯಲ್ಲಿ ಒಂದು ಸುತ್ತು ಹೊಡೆಸುತ್ತಿದ್ದರು. ರಿಪೇರಿ ಮಾಡಿದವನೇ ಓಡಿಸಬೇಕು. ನಾವೂ ಅಮ್ಮಾ ಅಂತಲೇ ಕರೆಯುತ್ತಿದ್ದ ಆ ತಾಯಿಗೆ ಅದು ರೂಢಿಯಾಗಿತ್ತು, ಎಲೆಅಡಿಕೆ ಸಂಚಿ ಹಿಡಿದೇ ಹೊರಡುತ್ತಿದ್ದರು.

ಆಗ ನನಗೆ ಮದುವೆಯಾಗಿ ಎರಡು ವರ್ಷ. ಒಂದು ದಿನ ಎರಡು ಗಾಡಿ ಒಟ್ಟಿಗೆ ಬಂದವು. ಒಂದು ಹಿರೇಕೆರೂರು ಕಡೆಯ ಸಂಸಾರದ ವ್ಯಾನು. ರೆಕ್ಸಿನ್ ಹರಿದಿತ್ತು, ಬಾಗಿಲಿಗೆ ಹಗ್ಗ ಕಟ್ಟಿದ್ದರು, ಬ್ರೇಕಿನ ಕೆಲಸ. ಇನ್ನೊಂದು ಕೆಂಪು ರೇಸ್ ಕಾರು. ಶಿಗ್ಗಾವಿಯ ನೆಂಟರ ಮನೆಗೆ ಬಂದವರದು. ಹಂಪ್ ದಾಟುವಾಗ ಹೊಟ್ಟೆ ಕೆರೆದು ಕೆಳಗಿನ ಹೊದಿಕೆ ಜೋತಾಡುತ್ತಿತ್ತು. ಒಳಗೆ ಕುಂತರೆ ನೆಲಕ್ಕೇ ಕುಂತಂಗ. ಸೀಟು ಎರಡೇ. ಚಾಲೂ ಮಾಡಿದರೆ ಎದೆಯೊಳಗೆ ನಡುಕ. ಅಂಥ ಹತ್ತು ವ್ಯಾನಿನ ಬಲ ಇದಕ್ಕೊಂದಕ್ಕೇ ಐತಿ ಅಂತ ಮಾಲೀಕ ಹೇಳಿಕೊಂಡ.

ಆ ಕಾರು ನನಗೇ ಬರುತ್ತದೆ ಅಂದುಕೊಂಡಿದ್ದೆ. ಉಸ್ತಾದರು ವ್ಯಾನು ತೋರಿಸಿ, ಇದನ್ನು ನೆಟ್ಟಗೆ ಮುಗಿಸಿದರೆ ನಾಳೆಯಿಂದ ನೀನೂ ಮಿಸ್ತ್ರಿ ಅಂದರು. ಮಿಸ್ತ್ರಿ ಆಗುವವನಿಗೆ ಈ ಡಬ್ಬಾ ಯಾಕ್ರಿ ಅಂತ ನಾನು ಮುಖ ಉಬ್ಬಿಸಿದೆ. ಅವರು ಕಾರಿನ ಕೆಳಗೆ ನುಸುಳುತ್ತ ಹೇಳಿದರು:

"ಇದು ಎಷ್ಟ ಜೋರ್ ಓಡಿದ್ರೂ ಕುಂದ್ರೋದು ಇಬ್ಬರ, ತಮ್ಮಾ. ಅದರಾಗ ಕೂಸು ಕುನ್ನಿ ಹಿಡದು ಹನ್ನೊಂದು ಮಂದಿ ಬರ್ತಾರ. ದೊಡ್ಡ ಗಾಡಿ ಯಾವುದು, ಎಣಿಸಿ ನೋಡು."

ನಾನು ಎಣಿಸಲಿಲ್ಲ. ಕಣ್ಣೆಲ್ಲ ಆ ಕಾರಿನ ಇಂಜಿನ್ ಮೇಲೆ. ಬೇಗ ಮುಗಿಸಿ ಅದನ್ನು ನೋಡುವ ಅವಸರದಲ್ಲಿ ವ್ಯಾನಿನ ಮುಂದಿನ ಎರಡು ಗಾಲಿ ಬಿಚ್ಚಿ ಬ್ರೇಕ್ ಸರಿ ಮಾಡಿದೆ. ಹಿಂದಿನವನ್ನು ಮುಟ್ಟಲಿಲ್ಲ. ನಾಲ್ಕೂ ಆಯ್ತು ಅಂದುಬಿಟ್ಟೆ.

ಉಸ್ತಾದರು ಕೈ ಒರೆಸಿಕೊಂಡು ಎದ್ದರು, ವ್ಯಾನಿನ ಸುತ್ತ ಒಮ್ಮೆ ನಡೆದರು, ತಾಯಿಯನ್ನು ಕರೆದರು. ಅಮ್ಮ ನನ್ನ ಹೆಗಲು ಹಿಡಿದು ಒಂದು ಕಾಲು ಒಳಗಿಟ್ಟರು.

"ಇವತ್ತರ ಮೆಲ್ಲಕ ಹೊಡಿಯೋ. ಮೊನ್ನೆ ನನ್ನ ಅಡಿಕಿ ಎಲ್ಲಾ ಚೆಲ್ಲಿಸಿದಿ."

ಆ ಕೈ ಎಷ್ಟು ಹಗುರ ಇತ್ತು... ಅದುವರೆಗೆ ನನಗೆ ತಿಳಿದಿರಲಿಲ್ಲ.

"ಇಳೀರಿ ಅಮ್ಮಾ," ಅಂದೆ. "ಹಿಂದಿನ ಗಾಲಿ ನಾ ಬಿಚ್ಚಿಲ್ಲರಿ."

ಕಾರಿನ ಮಾಲೀಕ ನಕ್ಕ. ಉಸ್ತಾದರು ನಗಲಿಲ್ಲ, ಬಯ್ಯಲೂ ಇಲ್ಲ. ನಟ್ಟು ಬಿಚ್ಚುವ ಪಾನಾ ನನ್ನ ಕೈಗಿಟ್ಟು, ಬಿಚ್ಚು ಹಂಗಾರ ಅಂದರು. ಬಿಚ್ಚಿ ನೋಡಿದರೆ ಲೈನರ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಹತ್ತಿತ್ತು. ಮುಗಿಸುವ ಹೊತ್ತಿಗೆ ಕೆಂಪು ಕಾರು ಹೊರಟುಹೋಗಿತ್ತು. ಮಿಸ್ತ್ರಿ ಅನ್ನಿಸಿಕೊಳ್ಳಲು ನನಗೆ ಇನ್ನೊಂದು ವರ್ಷ ಹಿಡಿಯಿತು.

ಈಗ ನನ್ನಲ್ಲಿಗೆ ಹಾವೇರಿಯಿಂದಲೂ ಗಾಡಿ ಬರುತ್ತವೆ. ಅದು ನನ್ನ ದುಡಿಮೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ಉಸ್ತಾದರೂ ಇಲ್ಲ, ಅಮ್ಮನೂ ಇಲ್ಲ. ಒಂದು ಮಾತು ಮಾತ್ರ ಉಳಿದುಹೋಯಿತು. ಆವತ್ತು ಆ ಹಿಂದಿನ ಗಾಲಿಗಳ ನಟ್ಟಿನ ಮೇಲೆ ಕೆಸರು ಹಂಗೇ ಇತ್ತು. ಸುತ್ತ ನಡೆದಾಗ ಉಸ್ತಾದರಿಗೆ ಅದು ಕಂಡಿರಲೇಬೇಕು... ಕಂಡೂ ತಾಯಿಯನ್ನು ಕರೆದರಾ? ಅವರು ಇದ್ದಾಗ ಕೇಳಬೇಕೆಂದು ಎಷ್ಟೋ ಸಲ ಸವಣೂರಿಗೆ ಹೋದೆ. ಎದುರು ಕುಂತು ಚಹಾ ಕುಡಿದೆ, ಕೇಳದೆ ಎದ್ದು ಬಂದೆ.