ಉಂಡದ್ದನ್ನು ಉಂಡ ಹಾಗೆ ಬರೆಯುವುದು

ಲಕಮನಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ತಾವು ಉಂಡದ್ದನ್ನು ಬರೆದಿಡಲು ಕಲಿಸುವುದು ಆ ವರ್ಷ ನನ್ನ ಕೆಲಸವಾಗಿತ್ತು. ಮಾಳಮಡ್ಡಿಯ ನಮ್ಮ ಮನೆಯಿಂದ ಎರಡು ವಾಟಿ, ಒಂದು ಲೋಟ, ಮೂರು ಚಮಚ ಚೀಲದಲ್ಲಿ ಹಾಕಿಕೊಂಡು ಹೋಗಿ ಅಳತೆ ತೋರಿಸಿದೆ. ಮೂರು ದಿನ ಬರೆಯಿರಿ ಎಂದು ಪುಸ್ತಕ ಕೊಟ್ಟೆ. ತಂದಾಗ ಎಲ್ಲರೆದುರೇ ಓದಿದೆ. ಮೆಂತೆ ಪಲ್ಯ ಬರೆದವಳಿಗೆ "ಛಲೋ ಅದ" ಎಂದೆ. ತಪ್ಪಾದದ್ದು ಅಲ್ಲೇ.

ಮರುವಾರ ಎಲ್ಲರ ಪುಸ್ತಕದಲ್ಲೂ ಪಲ್ಯ, ಹಾಲು, ಹಣ್ಣು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮೂರು ದಿನವೂ ಸೇಬು ಬರೆದಿದ್ದಳು. ಬಿಡುವಿನಲ್ಲಿ ಅವಳನ್ನು ಕರೆದೆ.

"ದಿನಾ ಸೇಬು ತಿಂತೀಯೇನವಾ?"

"ಇಲ್ರಿ ಮೇಡಂ. ನೀವು ಅಕಿಗೆ ಛಲೋ ಅಂದ್ರೆಲ್ಲ, ಅದಕ್ಕ ಬರದೆ."

ನನಗೆ ನಾಚಿಕೆಯಾಯಿತು. ಮರುದಿನ ಹಲಗೆಯ ಮೇಲೆ ನಾನು ಹಿಂದಿನ ದಿನ ತಿಂದದ್ದನ್ನು ಬರೆದೆ: ಮುಂಜಾನೆ ಚಹಾ, ನಾಲ್ಕು ಬಿಸ್ಕಿಟ್, ಮಧ್ಯಾಹ್ನ ಬರೀ ಒಂದು ಪ್ಲೇಟ್ ಚುರುಮುರಿ ಗಿರಮಿಟ್ಟು, ಸಂಜೆ ಮತ್ತೆ ಚಹಾ.

"ಮೇಡಂ, ನೀವು ಊಟಾನ ಮಾಡಿಲ್ಲೇನ್ರಿ?" ಎಂದು ಮುಂದಿನ ಬೆಂಚಿನವಳು ಕೇಳಿದಾಗ ಇಡೀ ತರಗತಿ ನಕ್ಕಿತು. ಆಮೇಲೆ ಬಂದ ಪುಸ್ತಕಗಳಲ್ಲಿ ಚಿಪ್ಸ್ ಇತ್ತು, ತಂಗಳನ್ನ ಇತ್ತು, ಖಾಲಿ ಬಿಟ್ಟ ಸಾಲುಗಳೂ ಇದ್ದವು.

ಸೇಬಿನ ಹುಡುಗಿಯ ಮುಂಜಾನೆಯ ಸಾಲು ಮೂರು ದಿನವೂ ಖಾಲಿ. ಅವಳ ತಾಯಿ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವವಳು. ಮಗಳಿಗೆಂದು ಎರಡು ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಟ್ಟು ಹೋಗುತ್ತಿದ್ದಳು.

"ಒಬ್ಬಾಕಿನ ಕುಂತು ತಿನ್ನಾಕ ಮನಸ್ಸಾಗೂದಿಲ್ರಿ. ಓಣ್ಯಾಗಿನ ಆಕಳಿಗೆ ಹಾಕ್ತೇನಿ. ಅವ್ವಗ ಹೇಳಬ್ಯಾಡ್ರಿ" ಎಂದಳು ಹುಡುಗಿ.

ನಾನು ಹೇಳಲಿಲ್ಲ. "ನೀನ ಹೇಳು" ಎಂದೆ. ಪ್ರಾರ್ಥನೆಯ ವೇಳೆ ಆಗಾಗ ಅವಳಿಗೆ ತಲೆ ತಿರುಗುತ್ತಿದ್ದುದಕ್ಕೆ ಕಾರಣವೂ ತಿಳಿದಂತಾಯಿತು. ಅವಳು ತಾಯಿಗೆ ಹೇಳಲು ಹತ್ತು ದಿನ ಹಿಡಿಯಿತು.

ಅದಾದ ಮುಂದಿನ ವಾರ ತಾಯಿಯೇ ಪಾಳಿ ಮುಗಿಸಿ ನೇರವಾಗಿ ಶಾಲೆಗೆ ಬಂದಳು. ಸಿಟ್ಟಿನಲ್ಲಿರಬಹುದೆಂದು ನಾನು ಎದ್ದು ನಿಂತೆ.

"ಬುಟ್ಟಿ ಖಾಲಿ ಇರ್ತಿತ್ರಿ. ಉಂಡಾಳಂತ ತಿಳ್ಕೊಂಡಿದ್ದೆ" ಎಂದಳು. "ಈಗ ಅಕೀನ್ನ ಐದಕ್ಕ ಎಬ್ಬಸ್ತೇನಿ. ಇಬ್ಬರೂ ಕೂಡೇ ತಿಂತೇವಿ. ಬೈಕೋತ ಏಳ್ತಾಳ್ರಿ" ಎಂದಳು.

ಹುಡುಗಿ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಐದಕ್ಕಲ್ರಿ ಮೇಡಂ, ನಾಕೂವರಿಗೆ" ಎಂದು ತಿದ್ದಿದಳು.