ನಕ್ಷೆಯ ಮಡಿಕೆಯಲ್ಲಿ ಬೆಂಗಳೂರು

ಗುರುಬಸಮ್ಮನವರ ಗಂಡ ಶಂಭುಲಿಂಗಪ್ಪನವರದು ಮಾಮೂಲ್‌ಪೇಟೆಯಲ್ಲಿ ಕಾಗದದ ಅಂಗಡಿ. ಹಳೆಯ ಪುಸ್ತಕಗಳೂ ಅಲ್ಲಿಗೆ ಮೂಟೆಗಟ್ಟಲೆ ಬಂದು ಬೀಳುತ್ತಿದ್ದವು. ೧೯೭೩ರ ಒಂದು ಮಧ್ಯಾಹ್ನ ಊಟದ ಕ್ಯಾರಿಯರ್ ಹಿಡಿದು ಅಂಗಡಿಗೆ ಹೋದ ಗುರುಬಸಮ್ಮ, ರಟ್ಟು ಕಿತ್ತುಹೋದ ದೊಡ್ಡ ಅಟ್ಲಾಸೊಂದು ಮೂಟೆಯಿಂದ ಜಾರಿ ಬಿದ್ದದ್ದನ್ನು ಕಂಡರು. ತೆರೆದರೆ ಅರಬ್ಬರ ದೇಶ. ಗಡಿಗಳಿಗೆಲ್ಲ ಗುಲಾಬಿ, ಹಳದಿ, ಹಸಿರು. ಒಂದು ಕಡೆ ಗುಲಾಬಿ ಗೆರೆ ದಾಟಿ ಸಮುದ್ರಕ್ಕೆ ಹರಿದಿತ್ತು.

"ರೀ, ಇದು ಅಚ್ಚಿನ ಬಣ್ಣ ಅಲ್ಲ. ಯಾರೋ ಕೂತು ಕುಂಚದಲ್ಲಿ ಹಚ್ಚಿದಾರೆ. ಪಾಪ, ಕೈ ಜಾರಿದೆ ನೋಡಿ."

"ಬೇಕಾದ್ರೆ ತಗೊಂಡ್ಹೋಗು. ಅರ್ಧ ಹುಳ ತಿಂದಿದೆ," ಎಂದರು ಶಂಭುಲಿಂಗಪ್ಪ, ಅನ್ನ ಕಲಸುತ್ತ.

ಅಲ್ಲಿಂದ ಹಿಡಿಯಿತು ಹುಚ್ಚು. ಮಿಡ್ಲ್ ಸ್ಕೂಲಿಗೇ ಓದು ನಿಂತಿದ್ದ ಗುರುಬಸಮ್ಮ ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಊರುಗಳ ಹೆಸರು ಓದುವುದನ್ನು ಕಲಿತರು. ಭಾನುವಾರ ಬಂತೆಂದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರ ಮುಂದೆ ಹಾಜರು. ಮೊನ್ನೆ ಮೊನ್ನೆ ಬಣ್ಣ ಬಳಿದ ಹಾಳೆಯನ್ನು ಹಳೆಯದೆಂದು ದಾಟಿಸಲು ಬಂದವರಿಗೆ, "ಬೆನ್ನು ತಿರುಗ್ಸಪ್ಪ, ನೋಡೋಣ," ಎನ್ನುತ್ತಿದ್ದರು. ಹಳೇ ಕಾಲದ ಹಸಿರು ಬಣ್ಣ ಕಾಗದವನ್ನು ಸುಟ್ಟು ಹಿಂಬದಿಗೆ ಕಂದಾಗಿ ಇಳಿದಿರುತ್ತದೆಂದು ಅವರೇ ನೋಡಿ ನೋಡಿ ಕಂಡುಕೊಂಡಿದ್ದರು. ಬೀರುವಿನಲ್ಲಿದ್ದ ರೇಷ್ಮೆ ಸೀರೆಗಳು ಟ್ರಂಕಿಗೆ ಇಳಿದವು; ಅವುಗಳ ಜಾಗಕ್ಕೆ ಎಂಬತ್ತು ನಕ್ಷೆಗಳು ಬಂದವು.

ಅವುಗಳಲ್ಲಿ ಒಂದು ಮಾತ್ರ ಅವರಿಗೆ ನೆಮ್ಮದಿ ಕೊಟ್ಟಿರಲಿಲ್ಲ. ಅದು ಎರಡು ಪುಟಕ್ಕೆ ಹರಡಿದ್ದ ದಕ್ಷಿಣ ದೇಶದ ನಕ್ಷೆ. ಯಾರೋ ಮಡಿಕೆಯಲ್ಲೇ ಕತ್ತರಿಸಿದ್ದರು. ಇವರಿಗೆ ಸಿಕ್ಕದ್ದು ಮೂಡಲ ಭಾಗ. ಕೋಲಾರವಿತ್ತು, ಮದರಾಸಿತ್ತು. ಬೆಂಗಳೂರಿನದು ಮಾತ್ರ ಇಂಗ್ಲಿಷಿನ ಕೊನೆಯ ನಾಲ್ಕಕ್ಷರದ ಬಾಲ. ಎಂಟು ವರ್ಷ ಹುಡುಕಿದರು, ಉಳಿದರ್ಧದ ಸುಳಿವಿಲ್ಲ.

೧೯೮೪ರ ಆಷಾಢದಲ್ಲಿ ಮಲ್ಲೇಶ್ವರದ ನಂಜುಂಡಯ್ಯನವರು ದಪ್ಪ ರಟ್ಟು ಕೇಳಿಕೊಂಡು ಅಂಗಡಿಗೆ ಬಂದರು. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾದವರು.

"ಹಳೇ ಮ್ಯಾಪಿಗೆ ಕಟ್ಟು ಹಾಕಿಸ್ಬೇಕಿತ್ತು. ಅರ್ಧಾನೇ ಇರೋದು, ಆದ್ರೂ ಬಣ್ಣ ಸೊಗಸಾಗಿದೆ."

ಕ್ಯಾರಿಯರ್ ಬಿಚ್ಚುತ್ತಿದ್ದ ಗುರುಬಸಮ್ಮನ ಕೈ ನಿಂತಿತು. "ಬೆಂಗಳೂರು ಹೇಗಿದೆ ಅದ್ರಲ್ಲಿ?"

"ಅದೇ ತಮಾಷೆ ತಾಯಿ. ತಲೆ ಇದೆ, ಬಾಲ ಇಲ್ಲ."

ಮರುದಿನವೇ ಗಂಡಹೆಂಡತಿ ಮಲ್ಲೇಶ್ವರದ ಬಸ್ಸು ಹತ್ತಿದರು. ನಡುಮನೆಯ ಚಾಪೆಯ ಮೇಲೆ ಎರಡು ಹಾಳೆಗಳನ್ನು ಅಂಚಿಗೆ ಅಂಚು ತಾಗಿಸಿದಾಗ ಬೆಂಗಳೂರು ಇಡಿಯಾಯಿತು. ನಂಜುಂಡಯ್ಯ ಭೂತಗನ್ನಡಿ ಹಿಡಿದು ಬಗ್ಗಿದರು. ಮಡಿಕೆಯ ಮೇಲೆ ಹಸಿರಿನ ಒಂದು ಹನಿ ಬಿದ್ದು ಒಣಗಿತ್ತು. ಅರ್ಧ ಈ ಹಾಳೆಯಲ್ಲಿ, ಅರ್ಧ ಆ ಹಾಳೆಯಲ್ಲಿ.

"ಒಂದೇ ಪುಸ್ತಕದ್ದು," ಎಂದರು ಮೆಲ್ಲಗೆ. "ಒಬ್ಬನೇ ಹಚ್ಚಿದ್ದು."

ಗುರುಬಸಮ್ಮ, ನಂಜುಂಡಯ್ಯ ಇಬ್ಬರೂ ತಂತಮ್ಮ ಹಾಳೆಯ ಅಂಚು ಹಿಡಿದೇ ಕೂತರು. ಕೊಡಿ ಎಂದು ಕೇಳಲು ಇಬ್ಬರಿಗೂ ಬಾಯಿಲ್ಲ, ತಮ್ಮದನ್ನು ಬಿಡಲು ಮನಸ್ಸಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ನಂಜುಂಡಯ್ಯನವರ ಹೆಂಡತಿ ವಿಶಾಲಮ್ಮ ಇಬ್ಬರ ಮುಖವನ್ನೂ ನೋಡಿ, "ಸೇರಿರೋದನ್ನ ಮತ್ತೆ ಬೇರೆ ಮಾಡ್ಬೇಡಿ, ಒಳ್ಳೇದಲ್ಲ," ಎಂದುಬಿಟ್ಟರು.

ಗುರುಬಸಮ್ಮ ತಮ್ಮ ಹಾಳೆಯನ್ನು ಅವರತ್ತ ಸರಿಸಿದರು. "ನೀವು ಕೆಲ್ಸ ಬಲ್ಲವರು. ಅಂಟಿಸಿ. ನಿಮ್ಮನೇಲೇ ಇರ್ಲಿ."

ಬಸ್ಸಿನಲ್ಲಿ ಅವರ ಕಣ್ಣು ತುಂಬಿತ್ತು. ಶಂಭುಲಿಂಗಪ್ಪ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಚಾಮರಾಜಪೇಟೆಯ ಅವರ ಮನೆ ಮುಂದೆ ಆಟೋ ನಿಂತಿತು. ನಂಜುಂಡಯ್ಯ ದಂಪತಿಗಳು ಬೆಡ್‌ಶೀಟಿನಲ್ಲಿ ಸುತ್ತಿದ ಅಗಲವಾದ ಕಟ್ಟನ್ನು ಆಳಿಗೊಂದು ಬದಿ ಹಿಡಿದು ಇಳಿಸಿದರು. ಹಿಂದೆ ಮೈದಾ ಅಂಟಿನಲ್ಲಿ ಕೂರಿಸಿದ ತೆಳು ಮಲ್ ಬಟ್ಟೆ, ಮೇಲೆ ಗಾಜು. ಜೋಡಿಸಿದ ಗೆರೆ ಹುಡುಕಿದರೂ ಕಾಣದು.

"ನಮ್ಮಲ್ಲಿದ್ರೆ ಇದೊಂದೇ," ಎಂದರು ನಂಜುಂಡಯ್ಯ. "ಇಲ್ಲಿ ಇದಕ್ಕೆ ಎಂಬತ್ತು ಜನ ನೆಂಟರಿದಾರೆ. ನಾವು ಆಗಾಗ ಬಂದು ನೋಡ್ಕೊಂಡ್ಹೋಗ್ತೀವಿ, ಕಾಫಿ ಕೊಟ್ರೆ."

ಗುರುಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಮೊಳೆ ಹೊಡೆದದ್ದೇ ತಡ, ಸುದ್ದಿ ಬೀದಿಗೆ ಹರಡಿತು, ಅಕ್ಕಪಕ್ಕದವರೆಲ್ಲ ಬಂದರು. ಹೂ ಮಾರುವ ಬೈರಮ್ಮ ಬುಟ್ಟಿ ಹೊಸಿಲಲ್ಲಿಟ್ಟು, "ಸಾವನದುರ್ಗ ಐತಾ ಅಕ್ಕಾ?" ಎಂದರು. ಗುರುಬಸಮ್ಮ ಗಾಜಿನ ಮೇಲೆ ಬೆರಳಿಟ್ಟು ಬೆಟ್ಟದ ಗುಬುಟು ತೋರಿಸಿದರು.

"ಅದ್ರ ಬುಡದಾಗೇ ನಮ್ಮಪ್ಪನ ಮನೆ," ಎಂದ ಬೈರಮ್ಮ ಒಂದು ಮೊಳ ಮಲ್ಲಿಗೆ ಎತ್ತಿ ಪಟಕ್ಕೆ ಮುಡಿಸಲು ಹೋದರು. ನಂಜುಂಡಯ್ಯ ಗಾಬರಿಯಾಗಿ ಅಡ್ಡ ಕೈಯಿಟ್ಟರು: "ಹೂವು ಒದ್ದೆ ಇದೆಯಮ್ಮಾ, ನೀರಿಳಿಯತ್ತೆ."

ಗುರುಬಸಮ್ಮ ಆ ಹೂವನ್ನು ಇಸಿದುಕೊಂಡು ವಿಶಾಲಮ್ಮನವರ ಮುಡಿಗೆ ಸಿಕ್ಕಿಸಿ, ಮತ್ತೊಂದು ಸುತ್ತು ಕಾಫಿಗೆ ನೀರಿಡಲು ಒಳಗೆ ಹೋದರು.